ಬೆಂಕಿ ಹಬ್ಬಿದಾಗ ಅಪ್ಪಣೆ ಯಾರದು?

1970ರ ಸೆಪ್ಟೆಂಬರ್ ತಿಂಗಳ ಕೊನೆ. ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲಿನ ಕುರುಚಲು ಕಾಡು ಬೇಸಿಗೆಯಲ್ಲಿ ಒಣಗಿ ಸೌದೆಯಂತಾಗಿತ್ತು. ಮರುಭೂಮಿಯ ಕಡೆಯಿಂದ ಕಡಲಿನತ್ತ ನುಗ್ಗುವ ಸಾಂಟಾ ಅನಾ ಎಂಬ ಬಿಸಿಗಾಳಿ ಎದ್ದಿತು. ಸೆಪ್ಟೆಂಬರ್ 26ರಂದು ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ವಿದ್ಯುತ್ ತಂತಿ ಹರಿದುಬಿದ್ದು ಹೊತ್ತಿದ ಲಗೂನಾ ಕಾಡ್ಗಿಚ್ಚು ಒಂದೇ ದಿನದಲ್ಲಿ ಸುಮಾರು 50 ಕಿಲೋಮೀಟರ್ ಪಶ್ಚಿಮಕ್ಕೆ ಓಡಿತು. ಅದೊಂದೇ ಬೆಂಕಿ ಸುಟ್ಟದ್ದು 1.75 ಲಕ್ಷ ಎಕರೆ ನೆಲ, 382 ಮನೆ. ಅದಕ್ಕೆ ಎಂಟು ಜನ ಬಲಿಯಾದರು. ಆ ಹೊತ್ತಿನ ಹದಿಮೂರು ದಿನಗಳಲ್ಲಿ ಹೀಗೆ ಒಂದರ ಬೆನ್ನಿಗೆ ಒಂದು ಬೆಂಕಿ ಎದ್ದು, ಒಟ್ಟು 16 ಜನ ಸತ್ತರು, 700ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು, ಐದು ಲಕ್ಷ ಎಕರೆಗೂ ಮೀರಿ ನೆಲ ಕರಕಲಾಯಿತು.

ಬೆಂಕಿ ಆರಿಸಲು ಬಂದವರಿಗೆ ಕೊರತೆಯಿರಲಿಲ್ಲ. ಕೇಂದ್ರ ಸರ್ಕಾರದ ಅರಣ್ಯ ಸೇವೆ, ರಾಜ್ಯದ ಅರಣ್ಯ ಇಲಾಖೆ, ಕೌಂಟಿಗಳ ಅಗ್ನಿಶಾಮಕ ದಳ, ನಗರಗಳ ದಳ, ಎಲ್ಲರೂ ಬಂದಿದ್ದರು. ಯಾರೂ ಕೈಕಟ್ಟಿ ಕೂತವರಲ್ಲ. ಆದರೆ ಒಬ್ಬೊಬ್ಬರ ವೈರ್‌ಲೆಸ್ ಒಂದೊಂದು ತರಂಗದಲ್ಲಿತ್ತು, ಒಬ್ಬೊಬ್ಬರ ಹುದ್ದೆಯ ಹೆಸರೂ ಬೇರೆ. ಟ್ಯಾಂಕರ್ ಕಳಿಸಿ ಎಂದರೆ ಕೆಲವರಿಗೆ ನೀರಿನ ಲಾರಿ, ಕೆಲವರಿಗೆ ನೀರು ಸುರಿಯುವ ವಿಮಾನ. ಒಬ್ಬ ಅಧಿಕಾರಿಗೆ ವರದಿ ಒಪ್ಪಿಸುವವರು ಹಿಡಿತಕ್ಕೆ ಸಿಗದಷ್ಟಾಗುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಮೂರು ಆಡಳಿತಗಳ ಗಡಿ ದಾಟಿ ಹಬ್ಬಿದ ಬೆಂಕಿಗೆ ಕೊನೆಯ ಅಪ್ಪಣೆ ಯಾರದು ಎಂಬುದೇ ಸ್ಪಷ್ಟವಿರಲಿಲ್ಲ.

ಮರುವರ್ಷ ಅಮೆರಿಕದ ಸಂಸತ್ತು ಇದಕ್ಕೆ ದಾರಿ ಹುಡುಕಿ ಎಂದು ಅರಣ್ಯ ಸೇವೆಗೆ 9 ಲಕ್ಷ ಡಾಲರ್ ಕೊಟ್ಟಿತು. ಕೆಲಸ ನಡೆದದ್ದು ರಿವರ್‌ಸೈಡ್ ಊರಿನ ಕಾಡ್ಗಿಚ್ಚು ಪ್ರಯೋಗಾಲಯದಲ್ಲಿ. ಅರಣ್ಯ ಸೇವೆಯ ಜೊತೆ ರಾಜ್ಯದ ಎರಡು ಇಲಾಖೆಗಳು, ಲಾಸ್ ಏಂಜಲೀಸ್ ನಗರ, ಮೂರು ಕೌಂಟಿಗಳು ಸೇರಿ ಏಳು ಸಂಸ್ಥೆಗಳು ಕೂತವು. ಯೋಜನೆಗೆ ಇಟ್ಟ ಹೆಸರು ಫೈರ್‌ಸ್ಕೋಪ್. ಅತಿಗೆಂಪು ಕ್ಯಾಮೆರಾ, ಬೆಂಕಿಯ ಹಾದಿಯನ್ನು ಮುಂಚಿತವಾಗಿ ಲೆಕ್ಕಹಾಕುವ ಕಂಪ್ಯೂಟರ್, ಇವೂ ಅದರ ಕನಸಿನಲ್ಲಿದ್ದವು. ಜಗತ್ತಿನ ತುಂಬ ಹರಡಿದ್ದು ಮಾತ್ರ ಯಂತ್ರಗಳಲ್ಲ, ಯಾರು ಯಾರಿಗೆ ಉತ್ತರ ಹೇಳಬೇಕು ಎಂಬ ಒಂದು ಒಪ್ಪಂದ. ಅದೇ ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್. ಏಳು ಸ್ವತಂತ್ರ ಸಂಸ್ಥೆಗಳು ತಮ್ಮ ತಮ್ಮ ಹಳೆಯ ಪದ್ಧತಿ, ಪದವಿಗಳನ್ನು ಬದಿಗಿಟ್ಟು ಒಂದು ಕ್ರಮಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ.

ಈ ಕ್ರಮದಲ್ಲಿ ಸ್ಥಳಕ್ಕೆ ಮೊದಲು ತಲುಪಿದ ಅಧಿಕಾರಿಯೇ ಕಮಾಂಡರ್. ಒಂದೇ ಗಾಡಿಯ ಮುಖ್ಯಸ್ಥನಾದರೂ ಸರಿ. ಬೆಂಕಿ ಚಿಕ್ಕದಿದ್ದಷ್ಟು ಹೊತ್ತು ಎಲ್ಲ ಹೊಣೆಯೂ ಅವನದೇ. ಹಬ್ಬುತ್ತಾ ಹೋದಂತೆ ಹೊಣೆ ಒಡೆಯುತ್ತದೆ: ಬೆಂಕಿಗೆ ಎದುರಾಗುವ ಕಾರ್ಯಾಚರಣೆ ಒಬ್ಬರಿಗೆ, ಮುಂದಿನ ಪಾಳಿಯ ಯೋಜನೆ ಇನ್ನೊಬ್ಬರಿಗೆ, ಊಟ, ಡೀಸೆಲ್, ಮಲಗುವ ಜಾಗದ ವ್ಯವಸ್ಥೆ ಮತ್ತೊಬ್ಬರಿಗೆ, ಖರ್ಚಿನ ಲೆಕ್ಕ ಮಗದೊಬ್ಬರಿಗೆ. ಅಗತ್ಯವಿಲ್ಲದ ವಿಭಾಗ ತೆರೆಯುವುದೇ ಇಲ್ಲ. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಉತ್ತಮ. ಪ್ರತಿಯೊಬ್ಬರಿಗೂ ಒಬ್ಬನೇ ಮೇಲಧಿಕಾರಿ. ಹೆಚ್ಚು ಅನುಭವಿ ಬಂದರೆ ಅಧಿಕಾರ ಕೈಬದಲಾಗಬಹುದು, ಆದರೆ ಆವರೆಗಿನ ಪರಿಸ್ಥಿತಿಯನ್ನು ವಿವರಿಸಿ ಒಪ್ಪಿಸಿದ ಮೇಲೆಯೇ. ಗಡಿಯ ತಕರಾರಿಗೂ ಉತ್ತರವಿತ್ತು: ಆಯಾ ಸಂಸ್ಥೆಗಳ ಮುಖ್ಯಸ್ಥರು ಒಟ್ಟಿಗೆ ಕೂತು ಒಂದೇ ಯೋಜನೆಗೆ ಸಹಿ ಹಾಕಬೇಕು.

ಈ ಕ್ರಮದ ಇನ್ನೊಂದು ಅರ್ಧ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬಂದ ಗಾಡಿ, ಬಂದ ಜನ ನೇರವಾಗಿ ಬೆಂಕಿಗೆ ಧುಮುಕುವಂತಿಲ್ಲ, ಮೊದಲು ಹೆಸರು ನೋಂದಾಯಿಸಬೇಕು. ಇಂಗ್ಲಿಷಿನ ಟಿ ಅಕ್ಷರದ ಆಕಾರದ ರಟ್ಟಿನ ಕಾರ್ಡು ಒಂದೊಂದಕ್ಕೂ ಇರುತ್ತದೆ. ಅಗ್ನಿಶಾಮಕ ಗಾಡಿಗೆ ಗುಲಾಬಿ ಬಣ್ಣ, ಕಾರ್ಮಿಕರ ತಂಡಕ್ಕೆ ಹಸಿರು, ಹೆಲಿಕಾಪ್ಟರಿಗೆ ನೀಲಿ. ಗಾಡಿ ಕೆಲಸದಲ್ಲಿದೆಯೇ, ಕರೆಗೆ ಸಿದ್ಧವಿದೆಯೇ, ಕೆಟ್ಟು ನಿಂತಿದೆಯೇ ಎಂಬುದು ಈ ಕಾರ್ಡುಗಳನ್ನು ಸಿಕ್ಕಿಸಿದ ಹಲಗೆ ನೋಡಿದ ಕೂಡಲೇ ತಿಳಿಯಬೇಕು. ಒಂದೇ ಬಗೆಯ ಐದು ಗಾಡಿಗಳಿಗೆ ಒಬ್ಬ ನಾಯಕನನ್ನು ಕೊಟ್ಟು ಸ್ಟ್ರೈಕ್ ಟೀಮ್ ಎಂದು ಕರೆದರು. ಆಗ ಕಮಾಂಡರ್ ಐದು ಜನರ ಬದಲು ಒಬ್ಬನ ಜೊತೆ ಮಾತಾಡಿದರೆ ಸಾಕು. ದಣಿದವರನ್ನು ಯಾವಾಗ ವಾಪಸು ಕಳಿಸಬೇಕು ಎಂಬುದೂ ಯೋಜನೆಯ ಭಾಗವೇ. ರಟ್ಟಿನ ಕಾರ್ಡಿನ ಲೆಕ್ಕ ತಪ್ಪಿದರೆ, ಬೆಂಕಿಯ ಬಾಯಲ್ಲಿ ಉಳಿದವರು ಯಾರೆಂದು ಹೇಳಲು ಯಾರಿಗೂ ಆಗದು. ಇದನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

2001ರ ಸೆಪ್ಟೆಂಬರ್ 11ರ ಉಗ್ರರ ದಾಳಿಯ ದಿನ ಈ ಪದ್ಧತಿ ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್‌ನಲ್ಲಿ ನಿಂತು ತೋರಿಸಿತು. ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ಅಧಿಕಾರಿ ಜೇಮ್ಸ್ ಶ್ವಾರ್ಟ್ಸ್ ಕಮಾಂಡರ್ ಆದರು. ಹತ್ತಾರು ಸಂಸ್ಥೆಗಳು ಅವರ ಚೌಕಟ್ಟಿನೊಳಗೆ ಕೆಲಸ ಮಾಡಿದವು. ಅದೇ ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಪೊಲೀಸರೂ ಅಗ್ನಿಶಾಮಕ ದಳವೂ ಬೇರೆ ಬೇರೆ ವೈರ್‌ಲೆಸ್‌ಗಳಲ್ಲಿ, ಬೇರೆ ಬೇರೆ ಕಮಾಂಡ್‌ಗಳಲ್ಲಿದ್ದವು. ವರ್ಲ್ಡ್ ಟ್ರೇಡ್ ಸೆಂಟರ್‌ನ ದಕ್ಷಿಣ ಗೋಪುರ ಕುಸಿದದ್ದು ಉತ್ತರ ಗೋಪುರದೊಳಗಿದ್ದ ಅನೇಕ ಅಗ್ನಿಶಾಮಕರಿಗೆ ಗೊತ್ತೇ ಆಗಲಿಲ್ಲ. ಆ ದಿನ ಸತ್ತ ಅಗ್ನಿಶಾಮಕರು 343. ಎರಡು ಊರುಗಳ ದುರಂತದ ಗಾತ್ರಕ್ಕೆ ಹೋಲಿಕೆಯಿಲ್ಲ, ನ್ಯೂಯಾರ್ಕಿನ ಸಿಬ್ಬಂದಿಯ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೂ ತನಿಖಾ ಆಯೋಗ ಇಡೀ ದೇಶ ಈ ಪದ್ಧತಿಯನ್ನು ಅಳವಡಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು.

ಭಾರತಕ್ಕೆ ಇದು ಬಂದದ್ದು 2001ರ ಭುಜ್ ಭೂಕಂಪದ ನಂತರದ ವರ್ಷಗಳಲ್ಲಿ, ಮಸ್ಸೂರಿಯ ಐಎಎಸ್ ಅಕಾಡೆಮಿಯಂಥ ಕಡೆ ನಡೆದ ತರಬೇತಿಗಳ ಮೂಲಕ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಳಿಕ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಮೆರಿಕದ ಮಾದರಿಯನ್ನು ಅದು ಹಾಗೆಯೇ ಎತ್ತಿಕೊಳ್ಳಲಿಲ್ಲ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊಣೆಗಾರರು. ಹಣಕಾಸು ಪ್ರತ್ಯೇಕ ವಿಭಾಗವಾಗದೆ ಸರಬರಾಜು ವಿಭಾಗದ ಒಂದು ಶಾಖೆಯಾಯಿತು. ತಾಲ್ಲೂಕು ಮಟ್ಟದ ತಂಡಕ್ಕೆ ತಹಶೀಲ್ದಾರರು ಕಮಾಂಡರ್ ಆಗಬಹುದು.

2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿಕೊಂಡಾಗ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ಸ್ವಯಂಸೇವಕರು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳೂ ಬಂದವು. ಇಷ್ಟೊಂದು ಕೈಗಳು ಒಂದೆಡೆ ಸೇರಿದಾಗ ಪ್ರತಿಯೊಬ್ಬರ ಹೆಸರೂ ಒಂದು ಪಟ್ಟಿಯಲ್ಲಿರಬೇಕು. ಸಾಮಗ್ರಿಗೂ ಅಂಥದೇ ಪಟ್ಟಿ ಬೇಕು. ದೋಣಿ, ಜೆಸಿಬಿ, ಜನರೇಟರ್ ಯಾವ ಜಿಲ್ಲೆಯಲ್ಲಿ ಎಷ್ಟಿವೆ, ಯಾರ ಸುಪರ್ದಿಯಲ್ಲಿವೆ ಎಂಬ ಲೆಕ್ಕಕ್ಕಾಗಿ ಇಂಡಿಯಾ ಡಿಸಾಸ್ಟರ್ ರಿಸೋರ್ಸ್ ನೆಟ್‌ವರ್ಕ್ ಎಂಬ ಆನ್‌ಲೈನ್ ದಾಸ್ತಾನು 2003ರಲ್ಲೇ ಶುರುವಾಗಿದೆ. ಅದರಲ್ಲಿ ವಿವರ ತುಂಬಿ, ಕಾಲಕಾಲಕ್ಕೆ ತಿದ್ದಿಡಬೇಕಾದದ್ದು ಜಿಲ್ಲಾಡಳಿತ. ಮಳೆಗಾಲಕ್ಕೆ ಮುಂಚೆಯೇ ಮುಗಿಯಬೇಕಾದ ಕೆಲಸವಿದು.