ರಾಗಿಯ ತಾಯಿಯ ಮನೆ

ಮಾಗಡಿ ಸೀಮೆಯ ಕಲ್ಯವೆಂದೊಡನೆ ಚರಿತ್ರೆ ಬಲ್ಲವರಿಗೆ ನೆನಪಾಗುವುದು ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ ೧೩೬೮ರ ಶಾಸನ. ಆ ಸೀಮೆಯ ಹೊಲಗಳಲ್ಲಿ ಅದಕ್ಕಿಂತಲೂ ಹಳೆಯ ಬರಹವೊಂದುಂಟು; ಅದು ರಾಗಿಯ ಎಲೆಯೊಳಗಿದೆ.

ಎಲೆಯ ಹಸುರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಿಗೆ ತಮ್ಮದೇ ಆದ ಡಿ.ಎನ್.ಎ. ಇದೆ. ಹುಲ್ಲಿನ ಜಾತಿಗಳಲ್ಲಿ ಅದು ಸಾಮಾನ್ಯವಾಗಿ ತಾಯಿಯಿಂದಲೇ ಬರುವುದರಿಂದ, ಓದಬಲ್ಲವರಿಗೆ ತಾಯಿಯ ಮನೆತನ ತಿಳಿಯುತ್ತದೆ. ೧೯೮೬ರಲ್ಲಿ ಜಪಾನಿನ ವಿಜ್ಞಾನಿಗಳು ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟ್ ಬರಹವನ್ನು, ಸುಮಾರು ಒಂದೂವರೆ ಲಕ್ಷ ಅಕ್ಷರಗಳನ್ನು, ಪೂರ್ತಿಯಾಗಿ ಓದಿದರು. ೧೯೮೮ರಲ್ಲಿ ಹಿಲು ಎಂಬ ವಿಜ್ಞಾನಿ ರಾಗಿಯ ಕ್ಲೋರೋಪ್ಲಾಸ್ಟ್ ಡಿ.ಎನ್.ಎ.ಯನ್ನು ಅದರ ನಂಟರದರೊಡನೆ ಹೋಲಿಸಿ ನೋಡಿದರು. ಆಫ್ರಿಕದಿಂದ ಬಂದ ರಾಗಿಯ ತಾಯಿಯ ಕಡೆ ಯಾವುದು ಬಲ್ಲಿರಾ? ಎಲ್ಯುಸೀನ್ ಇಂಡಿಕ, ನಮ್ಮ ರೈತರು ಕಳೆಯೆಂದು ಕಿತ್ತೆಸೆಯುವ ಹುಲ್ಲು!

ಈ ನಂಟನ್ನು ಅರಿತರೆ ಲಾಭವೇನು? ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಪಡೆದರು, ಇಳುವರಿ ಹೆಚ್ಚಿತು. ೨೦೧೭ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ಮುಂದಾಳುತನದಲ್ಲಿ, ಬರ ತಾಳುವ ಎಂ.ಎಲ್. ೩೬೫ ತಳಿಯ ಇಡೀ ಜೀನೋಮ್ ಪ್ರಕಟವಾಯಿತು. ಮಳೆ ಕೈಕೊಡುವ ಸೀಮೆಗೆ ತಾಳಿಕೆಯ ಹೊಸ ಗುಣ ಬೇಕಾದಾಗ ನಂಟರ ಮನೆಯ ಬಾಗಿಲನ್ನೇ ತಟ್ಟಬೇಕು. ಹೊಲದಲ್ಲಿ ಕಳೆ ಕೀಳುವುದು ಸರಿಯೇ. ರಾಗಿಯ ಕಾಡು ನಂಟರ ಬೀಜವನ್ನು ಮಾತ್ರ ಕಾಪಾಡಿಕೊಳ್ಳಬೇಕು.