ಒಂದು ಕೈಗೂ ಕಾರು ಒಲಿದ ಕಥೆ

ಒಂದು ಕೈ ಸ್ವಾಧೀನದಲ್ಲಿ ಇಲ್ಲದವರು ಕಾರು ಓಡಿಸಬಹುದೇ? ಈ ಪ್ರಶ್ನೆಯನ್ನು ಹಳ್ಳಿಕಟ್ಟೆಯಲ್ಲಿ ಕೇಳಿ ನೋಡಿ. 'ಅದೆಲ್ಲಿ ಸಾಧ್ಯ ಸಾರ್' ಎನ್ನುವವರೇ ಹೆಚ್ಚು. ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಪಾರ್ಶ್ವವಾಯು ಹೊಡೆದು ಒಂದು ಕೈ ಸೋತವರು, ಬೈಕಿನಿಂದ ಬಿದ್ದು ಭುಜದ ನರ ಹರಿದುಕೊಂಡವರು ನಮ್ಮ ಸುತ್ತಮುತ್ತ ಇದ್ದಾರೆ. ಅವರಲ್ಲಿ ಮೊದಲು ಡ್ರೈವಿಂಗ್ ಮಾಡುತ್ತಿದ್ದವರೂ ಇದ್ದಾರೆ. ಕೈ ಹೋದ ದಿನವೇ ಸ್ಟೀರಿಂಗೂ ಹೋಯಿತು ಎಂದುಕೊಂಡು ಲೈಸೆನ್ಸನ್ನು ಟ್ರಂಕಿಗೆ ಸೇರಿಸಿಬಿಟ್ಟಿರುತ್ತಾರೆ.

ಆದರೆ ಕಾರಿನ ಇತಿಹಾಸ ಬೇರೆಯೇ ಹೇಳುತ್ತದೆ. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಡ್ರೈವರ್‌ನ ಕೈಗಳ ಮೇಲಿದ್ದ ಕೆಲಸಗಳು ಒಂದೊಂದಾಗಿ ಇಳಿದುಹೋಗಿವೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಅಂಗವಿಕಲರಿಗಾಗಿ ಇಳಿಸಲಿಲ್ಲ. ಎರಡೂ ಕೈ ಗಟ್ಟಿಯಿದ್ದವರ ಸುಖಕ್ಕಾಗಿ ಇಳಿಸಿದ್ದು, ಕೊನೆಗೆ ಒಂದೇ ಕೈ ಇದ್ದವರ ಕೆಲಸಕ್ಕೂ ಬಂತು.

ಕೈ ಮುರಿಯುತ್ತಿದ್ದ ಹ್ಯಾಂಡಲ್

ತೋಟದ ಹಳೇ ಡೀಸೆಲ್ ಇಂಜಿನ್‌ಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಗೊತ್ತು, ಅದು ಹಿಂದಕ್ಕೆ ಒದ್ದರೆ ಏನಾಗುತ್ತದೆ ಎಂದು. ಮೊದಮೊದಲ ಕಾರುಗಳೂ ಹಾಗೆಯೇ ಇದ್ದವು. ಮುಂದೆ ನಿಂತು ಹ್ಯಾಂಡಲ್ ಸುತ್ತಬೇಕು. ಅದು ತಿರುಗಿ ಹೊಡೆದರೆ ಮಣಿಕಟ್ಟಿನ ಮೂಳೆ ಮುರಿಯುತ್ತಿತ್ತು. ಎಷ್ಟು ಜನಕ್ಕೆ ಹೀಗಾಯಿತೆಂದರೆ ಡಾಕ್ಟರುಗಳು ಆ ಮುರಿತಕ್ಕೆ 'ಶೋಫರ್ಸ್ ಫ್ರ್ಯಾಕ್ಚರ್' ಎಂದು ಹೆಸರೇ ಇಟ್ಟರು. ಶೋಫರ್ ಎಂದರೆ ಕಾರಿನ ಡ್ರೈವರ್.

ಇದನ್ನು ತಪ್ಪಿಸಿದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ಸಣ್ಣ ವಿದ್ಯುತ್ ಮೋಟರ್ ಜೋಡಿಸಿದ್ದವರು. 1912ರ ಕ್ಯಾಡಿಲಾಕ್ ಕಾರಿಗೆ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಕೈಯ ಮೊದಲ ಭಾರ ಇಳಿಯಿತು.

ಸ್ಟೀರಿಂಗ್ ಮೇಲಿನ ಗುಂಡಿ

ಎರಡನೆಯ ಭಾರ ಸ್ಟೀರಿಂಗ್. ಹಳೇ ಅಂಬಾಸಿಡರ್ ಅನ್ನು ನಿಂತಲ್ಲೇ ತಿರುಗಿಸಲು ಎರಡೂ ತೋಳಿನ ಬಲ ಬೇಕಿತ್ತು. ಒಂದು ಕೈಯಲ್ಲಿ ತಿರುಗಿಸುವಾಗ ಇನ್ನೊಂದು ತೊಂದರೆಯೂ ಇದೆ. ಕೈ ಬಿಟ್ಟು ಮತ್ತೆ ಹಿಡಿಯುವ ಆ ಕ್ಷಣದಲ್ಲಿ ಚಕ್ರವನ್ನು ಹಿಡಿದಿರುವವರು ಯಾರೂ ಇರುವುದಿಲ್ಲ.

ಇದಕ್ಕೆ ಉತ್ತರವನ್ನು ನೀವೆಲ್ಲ ನೋಡಿದ್ದೀರಿ. ಜೆಸಿಬಿ ಓಡಿಸುವವನ ಸ್ಟೀರಿಂಗ್ ಮೇಲೆ ಒಂದು ಗುಂಡಿ ಇರುತ್ತದಲ್ಲ, ಅದೇ. ಒಂದು ಕೈಯಲ್ಲಿ ಅದನ್ನು ಹಿಡಿದು ಗಿರಗಿರ ತಿರುಗಿಸುತ್ತಾನೆ, ಇನ್ನೊಂದು ಕೈ ಲಿವರ್ ಮೇಲಿರುತ್ತದೆ. 1930ರ ದಶಕದ ಹೊತ್ತಿಗೆ ಈ ಗುಂಡಿ ಅಮೆರಿಕದ ಲಾರಿ, ಟ್ರ್ಯಾಕ್ಟರ್, ಕಾರುಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದಕ್ಕೆ 'ಬ್ರೋಡಿ ನಾಬ್' ಎಂಬ ಅಡ್ಡಹೆಸರು. 1886ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಿಂದ ಹಾರಿ ಬದುಕಿದೆ ಎಂದು ಹೇಳಿಕೊಂಡ ಸ್ಟೀವ್ ಬ್ರೋಡಿಯ ಹೆಸರು ಅದು. 'ಆತ್ಮಹತ್ಯೆ ಗುಂಡಿ' ಎಂದೂ ಕರೆದರು. ತಿರುವು ಮುಗಿದು ಚಕ್ರ ತಾನಾಗಿ ವಾಪಸ್ ಸುತ್ತುವಾಗ ಗುಂಡಿ ಮುಂಗೈಗೆ ಬಡಿಯುತ್ತಿತ್ತು, ತೋಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಇಂಥ ಅಪಾಯದ ಹೆಸರು ಹೊತ್ತ ಗುಂಡಿಯೇ ಇವತ್ತು ಒಂದು ಕೈಯವರ ಕಾರಿನಲ್ಲಿ ಮೊದಲು ಕೂರಿಸುವ ಸಾಧನ.

ಗುಂಡಿ ಹಿಡಿತ ಕೊಟ್ಟಿತು. ಬಲ ಕೊಟ್ಟಿದ್ದು ಪವರ್ ಸ್ಟೀರಿಂಗ್. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಅದನ್ನು ಮಾಡಿ ತೋರಿಸಿದ್ದರು. ಖರ್ಚು ಹೆಚ್ಚೆಂದು ಕಾರು ಕಂಪನಿಗಳು ಕೈ ಹಾಕಲಿಲ್ಲ. ಮಹಾಯುದ್ಧದ ಭಾರೀ ವಾಹನಗಳಿಗೆ ಅದು ಬೇಕಾಯಿತು. ಮಾರಾಟದ ಕಾರಿಗೆ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಗೇರ್ ಇಳಿದ ಮೇಲೆ

ಮೂರನೆಯ ಭಾರ ಗೇರ್. ಜನರಲ್ ಮೋಟರ್ಸ್ ಕಂಪನಿ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 'ಹೈಡ್ರಾ-ಮ್ಯಾಟಿಕ್' ಎಂಬ ಆಟೋಮ್ಯಾಟಿಕ್ ಗೇರ್ ಕೊಟ್ಟಿತು. ಕ್ಲಚ್ ಇಲ್ಲ, ಮತ್ತೆ ಮತ್ತೆ ಗೇರ್ ಎಳೆಯುವುದಿಲ್ಲ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಕೈಕಾಲು ಕಳೆದುಕೊಂಡ ಸೈನಿಕರು ಊರಿಗೆ ಮರಳಿದರು. 1946ರಲ್ಲಿ ಅಮೆರಿಕದ ಸರ್ಕಾರ ಅಂಥವರಿಗೆ ಕಾರು ಕೊಳ್ಳಲು 1,600 ಡಾಲರ್ ಕೊಡುವ ಕಾನೂನು ಮಾಡಿತು. ಆದರೆ ಅದು ಕಾಲು ಕಳೆದುಕೊಂಡವರಿಗೆ ಮಾತ್ರ. ಕೈ ಕಳೆದುಕೊಂಡವರು ಆ ಪಟ್ಟಿಗೆ ಸೇರಲು 1951ರವರೆಗೆ ಕಾಯಬೇಕಾಯಿತು.

ರೇಸಿನಲ್ಲಿ ಇಬ್ಬರು

'ಮೆಲ್ಲಗೆ ಓಡಿಸಬಹುದೇನೋ, ಜೋರಾಗಿ ಹೋಗುವಾಗ?' ಎಂದು ಕೇಳುವವರಿಗೆ ಇಬ್ಬರ ಕಥೆ ಹೇಳಬೇಕು.

ಮೊದಲನೆಯವರು ಬ್ರಿಟನ್ನಿನ ಆರ್ಚಿ ಸ್ಕಾಟ್ ಬ್ರೌನ್. 1927ರಲ್ಲಿ ಹುಟ್ಟಿದರು. ಹುಟ್ಟುವಾಗಲೇ ಬಲಗೈ ಪೂರ್ತಿ ಬೆಳೆದಿರಲಿಲ್ಲ, ಕಾಲುಗಳಿಗೂ ಆಪರೇಷನ್‌ಗಳಾಗಿದ್ದವು. ಬಲದ ಮೋಟುಕೈಯನ್ನು ಸ್ಟೀರಿಂಗ್‌ಗೆ ಒತ್ತಿಟ್ಟು, ಎಡಗೈಯಲ್ಲಿ ಗೇರ್ ಹಾಕಿ ರೇಸ್ ಓಡಿಸುತ್ತಿದ್ದರು. 1954ರಲ್ಲಿ ಔಲ್ಟನ್ ಪಾರ್ಕಿನ 'ಬ್ರಿಟಿಷ್ ಎಂಪೈರ್ ಟ್ರೋಫಿ' ರೇಸಿನ ಹೊತ್ತಿಗೆ ಅವರ ಕೈಯ ಬಗ್ಗೆ ತಕರಾರು ಎದ್ದಿತು, ಅಧಿಕಾರಿಗಳು ತಡೆದರು. ಹೋರಾಡಿ ಲೈಸೆನ್ಸ್ ವಾಪಸ್ ಪಡೆದರು. ಮರುವರ್ಷ ಅದೇ ಟ್ರೋಫಿಯನ್ನು ಗೆದ್ದರು. 1956ರಲ್ಲಿ ಬ್ರಿಟಿಷ್ ಗ್ರಾನ್ ಪ್ರಿಯಲ್ಲೂ ಓಡಿಸಿದರು. 1958ರಲ್ಲಿ ಬೆಲ್ಜಿಯಮ್ಮಿನ ಸ್ಪಾ ರೇಸಿನಲ್ಲಿ, ಒದ್ದೆ ರಸ್ತೆಯಲ್ಲಿ ಆದ ಅಪಘಾತದಿಂದ ತೀರಿಕೊಂಡರು.

ಎರಡನೆಯವರು ಪೋಲೆಂಡಿನ ರಾಬರ್ಟ್ ಕುಬಿಟ್ಸ. ಫಾರ್ಮುಲಾ ಒನ್ ರೇಸ್ ಗೆದ್ದಿದ್ದ ಡ್ರೈವರ್. 2011ರ ಫೆಬ್ರವರಿಯಲ್ಲಿ ಇಟಲಿಯ ರ್‍ಯಾಲಿಯೊಂದರಲ್ಲಿ ಅಪಘಾತವಾಗಿ ಅವರ ಬಲ ಮುಂಗೈ ಅರ್ಧ ಕತ್ತರಿಸಿಹೋಯಿತು. ಡಾಕ್ಟರುಗಳು ಕೈ ಉಳಿಸಿದರು, ಆದರೆ ಮೊದಲಿನ ಬಲ, ಚಲನೆ ಮರಳಲಿಲ್ಲ. ಗೇರ್ ಬದಲಿಸುವ ಕೆಲಸವನ್ನು ಎಡಗೈಗೆ ಒಪ್ಪಿಸಿಕೊಂಡು ಅವರು ಅಭ್ಯಾಸ ಮಾಡಿದರು. 2019ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದರು. 2025ರ ಜೂನ್‌ನಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸನ್ನು ಇನ್ನಿಬ್ಬರು ಜೊತೆಗಾರರೊಂದಿಗೆ ಗೆದ್ದರು.

ಇವರು ಅಸಾಧಾರಣ ಡ್ರೈವರ್‌ಗಳು, ನಿಜ. ಆದರೆ ಇಬ್ಬರೂ ಮಾಡಿದ್ದು ಒಂದೇ ಲೆಕ್ಕ: ಯಾವ ಕೆಲಸ ಯಾವ ಕೈಗೆ ಎಂದು ಹೊಸದಾಗಿ ಹಂಚಿಕೊಂಡರು.

ನಮ್ಮಲ್ಲಿ ಬಂದ ಬದಲಾವಣೆ

ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ. ಹಾಗಾಗಿ ಗೇರ್, ಹ್ಯಾಂಡ್ ಬ್ರೇಕ್ ಎಡಗೈಯ ಪಾಲು. ಬಲಗೈಗೆ ಇನ್ನೊಂದು ಕೆಲಸವಿತ್ತು: ಕಿಟಕಿಯಿಂದ ಹೊರಗೆ ಚಾಚಿ ಕೈಸನ್ನೆ ತೋರಿಸುವುದು. 1989ರ ರಸ್ತೆ ನಿಯಮಗಳಲ್ಲೂ ಆ ಸನ್ನೆಗಳೆಲ್ಲ ಬಲಗೈಯದ್ದೇ. ಇಂಡಿಕೇಟರ್ ಬಂದ ಮೇಲೆ ಆ ಭಾರ ಇಳಿಯಿತು.

ಗೇರ್ ಭಾರ ಮಾತ್ರ ಬಹಳ ಕಾಲ ಉಳಿಯಿತು. ಆಟೋಮ್ಯಾಟಿಕ್ ಕಾರು ದುಡ್ಡಿದ್ದವರ ವಸ್ತುವಾಗಿತ್ತು. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ 'ಎಎಂಟಿ' ಗೇರ್‌ನೊಂದಿಗೆ ಬಂತು. ಇದರಲ್ಲಿ ಗೇರ್ ಬಾಕ್ಸ್ ಮಾಮೂಲಿನದೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಯಂತ್ರದ್ದು. ಸಣ್ಣ ಕಾರಿಗೆ ಸಣ್ಣ ಖರ್ಚಿನಲ್ಲಿ ಕ್ಲಚ್ ಹೋಯಿತು. ಎರಡೂ ಕೈಯ ಬಲ ಕೇಳುತ್ತಿದ್ದ ಅಂಬಾಸಿಡರ್ ತಯಾರಿಕೆ ನಿಂತಿದ್ದೂ ಅದೇ ವರ್ಷ.

ಕಾನೂನು ಇನ್ನೂ ತಡ ಮಾಡಿತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಂಗವಿಕಲರಿಗೆಂದು 'ಇನ್‌ವ್ಯಾಲಿಡ್ ಕ್ಯಾರೇಜ್' ಎಂಬ ವರ್ಗ ಇತ್ತು. ಅದು ವಿಶೇಷವಾಗಿಯೇ ತಯಾರಾದ ವಾಹನವಾಗಿರಬೇಕು, ಇದ್ದ ವಾಹನವನ್ನು ಬರೀ ಮಾರ್ಪಡಿಸಿದ್ದರೆ ಸಾಲದು ಎಂದು ಬರೆದಿತ್ತು. 2019ರ ತಿದ್ದುಪಡಿ ಆ ಮಾತನ್ನು ತೆಗೆದು, 'ಅಡಾಪ್ಟೆಡ್ ವೆಹಿಕಲ್', ಅಂದರೆ ಮಾರ್ಪಡಿಸಿದ ವಾಹನ ಎಂದು ಬರೆಯಿತು. ಈಗ ನಿಮ್ಮ ಸ್ವಂತ ಕಾರನ್ನೇ ಆರ್‌ಟಿಒ ಒಪ್ಪಿಗೆ ಪಡೆದು ಮಾರ್ಪಡಿಸಬಹುದು. ಸಾಮಾನ್ಯ ಲೈಸೆನ್ಸ್‌ಗೆ ದೇಹಸ್ಥಿತಿ ಅಡ್ಡಬಂದರೂ, ಇಂಥ ವಾಹನಕ್ಕೆ ಸೀಮಿತವಾದ ಲೈಸೆನ್ಸ್ ಕೇಳಲು ದಾರಿ ಇದೆ.

ಯಾವ ಕೈ ಎಂಬುದೇ ಮುಖ್ಯ

ಎಡಗೈ ಸೋತಿದ್ದರೆ ಮೊದಲು ಬೇಕಾದದ್ದು ಕ್ಲಚ್ ಇಲ್ಲದ ಕಾರು. ನಮ್ಮ ಹೆಚ್ಚಿನ ಕಾರುಗಳಲ್ಲಿ ವೈಪರ್ ಕಡ್ಡಿ ಎಡಕ್ಕಿರುತ್ತದೆ, ಅದಕ್ಕೂ ಬೇರೆ ವ್ಯವಸ್ಥೆ ಬೇಕು. ಬಲಗೈ ಸೋತಿದ್ದರೆ ಇಂಡಿಕೇಟರ್, ಲೈಟ್ ಕಡ್ಡಿಯನ್ನು ಎಡಕ್ಕೆ ತರಬೇಕು. ಎರಡರಲ್ಲೂ ಪವರ್ ಸ್ಟೀರಿಂಗ್, ಅದರ ಮೇಲೊಂದು ಗುಂಡಿ. ಹಾರ್ನ್, ಇಂಡಿಕೇಟರ್, ವೈಪರ್ ಸ್ವಿಚ್‌ಗಳು ಗುಂಡಿಯಲ್ಲೇ ಇರುವ ಸಾಧನಗಳೂ ಇವೆ.

ಗುಂಡಿಯನ್ನು ಸಂತೆಯಲ್ಲಿ ಕೊಂಡು ಮನೆಯಲ್ಲೇ ಬಿಗಿದುಕೊಳ್ಳಬೇಡಿ. ಅದಕ್ಕಿರುವ ಹಳೇ ಹೆಸರು ನೆನಪಿರಲಿ. ಮೊದಲಿನ ಲೈಸೆನ್ಸ್ ಇದೆಯೆಂದು ಸುಮ್ಮನಿರದೆ ಡಾಕ್ಟರ್ ಸರ್ಟಿಫಿಕೇಟ್ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ. ಮಾರ್ಪಾಡನ್ನು ಆರ್‌ಸಿಯಲ್ಲಿ ಬರೆಸಿ, ವಿಮಾ ಕಂಪನಿಗೂ ತಿಳಿಸಿ.

ಎಲ್ಲರಿಗೂ ಇದು ಆಗುತ್ತದೆ ಎಂದಲ್ಲ. ಪಾರ್ಶ್ವವಾಯು ಆದವರಿಗೆ ಕೈಯ ಜೊತೆ ಕಣ್ಣು, ಗಮನಕ್ಕೂ ಪೆಟ್ಟು ಬಿದ್ದಿರಬಹುದು. ಅದನ್ನು ಡಾಕ್ಟರ್ ನೋಡಿ ಹೇಳಬೇಕು, ಕಾರು ಓಡಿಸಿ ನಡೆಸುವ ಪರೀಕ್ಷೆ ಹೇಳಬೇಕು. ಆ ಪರೀಕ್ಷೆಗೆ ಹೋಗುವ ಮೊದಲೇ ಊರವರ 'ಅದೆಲ್ಲಿ ಸಾಧ್ಯ' ಎಂಬ ಮಾತಿಗೆ ಲೈಸೆನ್ಸ್ ಒಪ್ಪಿಸಬೇಕಾಗಿಲ್ಲ.