ಅರಸರಿಗೂ ಒಬ್ಬ ಅರಸರುಂಟು

ಪೂಜಾವಿಧಿ ವರ್ಷದ ಕೊನೆಯ ಭಾನುವಾರ ನಾವೆಲ್ಲರೂ ಕ್ರಿಸ್ತರಾಜರ ಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಈ ಹಬ್ಬ ನಾವು ಭಾವಿಸುವಷ್ಟು ಹಳೆಯದಲ್ಲ. ಇದನ್ನು ಸ್ಥಾಪಿಸಿದವರು ಜಗದ್ಗುರು ಹನ್ನೊಂದನೇ ಪಿಯುಸ್‌ರವರು, 1925ರ ಡಿಸೆಂಬರ್ 11ರಂದು. ಆಗ ಇಟಲಿಯಲ್ಲಿ ಮುಸೊಲಿನಿ ಸರ್ವಾಧಿಕಾರಿಯಾಗಿದ್ದ. ರಷ್ಯದಲ್ಲಿ ಕಮ್ಯುನಿಸ್ಟ್ ಪಕ್ಷದ್ದೇ ಕೊನೆಯ ಮಾತು. ಸರ್ಕಾರವೇ ಸರ್ವಸ್ವ ಎನ್ನುವ ಅಂಥ ಕಾಲದಲ್ಲಿ, ಅರಸರಿಗೂ ಒಬ್ಬ ಅರಸರಿದ್ದಾರೆ ಎಂದು ಧರ್ಮಸಭೆ ಸಾರಿ ಹೇಳಿತು.

ಹಾಗಾದರೆ ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು? ಕೈಸರನದನ್ನು ಕೈಸರನಿಗೆ, ದೇವರದನ್ನು ದೇವರಿಗೆ ಸಲ್ಲಿಸಬೇಕೆಂದು ಯೇಸುಸ್ವಾಮಿ ಕಲಿಸಿದರು. ಆದರೆ ಕೈಸರನದು ಎಷ್ಟು ಎಂಬ ಪ್ರಶ್ನೆ ಕ್ರೈಸ್ತರನ್ನು ಅಂದಿನಿಂದಲೂ ಕಾಡಿದೆ. ಸರ್ಕಾರ ಚಿಕ್ಕದಾಗಿದ್ದಷ್ಟೂ ಮನುಷ್ಯನ ಸ್ವಾತಂತ್ರ್ಯಕ್ಕೆ ಒಳ್ಳೆಯದು ಎನ್ನುವವರು ಕೆಲವರು. ಬಡವನ ಕೈ ಹಿಡಿಯಲು ಬಲವಾದ ಸರ್ಕಾರ ಬೇಕು ಎನ್ನುವವರು ಇನ್ನು ಕೆಲವರು. ಎರಡೂ ಕಡೆಯವರು ಶುಭಸಂದೇಶವನ್ನೇ ಮುಂದಿಡುತ್ತಾರೆ. ಇದನ್ನು ಅರಿಯಲು ಒಬ್ಬ ಕಥೋಲಿಕ ಇತಿಹಾಸಕಾರರ ಬದುಕನ್ನು ನೋಡೋಣ.

ಲಾರ್ಡ್ ಆಕ್ಟನ್‌ರವರು 1834ರಲ್ಲಿ ನೇಪಲ್ಸ್ ನಗರದಲ್ಲಿ ಹುಟ್ಟಿದ ಇಂಗ್ಲಿಷ್ ಮನೆತನದವರು. ಓದಲು ಕೇಂಬ್ರಿಡ್ಜ್‌ಗೆ ಹೋಗಬೇಕೆಂದರೆ, ಕಥೋಲಿಕರೆಂಬ ಕಾರಣಕ್ಕೆ ಅಲ್ಲಿ ಅವರಿಗೆ ಬಾಗಿಲು ಮುಚ್ಚಿತ್ತು. ಆದ್ದರಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಓದಿದರು. ಅಧಿಕಾರ ಬಲ್ಲವರು ಅಲ್ಪಸಂಖ್ಯಾತರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಅವರು ಕೇವಲ ಪುಸ್ತಕದಿಂದ ತಿಳಿದವರಲ್ಲ. 1887ರಲ್ಲಿ ಅವರು ಆಂಗ್ಲಿಕನ್ ಇತಿಹಾಸಕಾರ ಕ್ರೈಟನ್‌ರಿಗೆ ಒಂದು ಪತ್ರ ಬರೆದರು. ಅಧಿಕಾರವು ಮನುಷ್ಯನನ್ನು ಕೆಡಿಸುತ್ತದೆ, ಅಂಕೆಯಿಲ್ಲದ ಅಧಿಕಾರವಂತೂ ಪೂರ್ತಿ ಕೆಡಿಸುತ್ತದೆ ಎಂಬ ಅರ್ಥದ ಮಾತು ಇರುವುದು ಆ ಪತ್ರದಲ್ಲೇ. ಅರಸರನ್ನಾಗಲಿ, ಜಗದ್ಗುರುಗಳನ್ನಾಗಲಿ ಅಳೆಯುವಾಗ ಬೇರೆ ತಕ್ಕಡಿ ಇರಬಾರದು, ಸಾಮಾನ್ಯನಿಗೆ ಯಾವುದು ಪಾಪವೋ ದೊಡ್ಡವರಿಗೂ ಅದು ಪಾಪವೇ ಎಂಬುದು ಅವರ ವಾದ. ಒಮ್ಮೆ ಒಳಗೆ ಬಿಡದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವೇ 1895ರಲ್ಲಿ ಅವರನ್ನು ಇತಿಹಾಸದ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು.

ಇಂಥ ವಿದ್ವಾಂಸರೂ ಒಂದೆಡೆ ಎಡವಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಅವರ ಮನಸ್ಸು ದಕ್ಷಿಣದ ರಾಜ್ಯಗಳ ಕಡೆಗಿತ್ತು. ಕೇಂದ್ರ ಸರ್ಕಾರದ ಸೊಕ್ಕನ್ನು ತಡೆಯಲು ರಾಜ್ಯಗಳ ಹಕ್ಕೇ ಗೋಡೆ ಎಂದು ಅವರು ನಂಬಿದ್ದರು. ಸೋತ ದಕ್ಷಿಣದ ಸೇನಾಪತಿ ಲೀಗೆ 1866ರ ನವೆಂಬರ್‌ನಲ್ಲಿ ಪತ್ರ ಬರೆದು ದುಃಖ ತೋಡಿಕೊಂಡರು. ಆದರೆ ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಅವರ ಬೆನ್ನಿನ ಮೇಲೆ ಚಾಟಿ ಬೀಸುತ್ತಿದ್ದ ಯಜಮಾನನ ಅಧಿಕಾರಕ್ಕೂ ಅಂಕೆಯಿರಲಿಲ್ಲ. ಗುಲಾಮರ ವ್ಯಾಪಾರವನ್ನು ಜಗದ್ಗುರು ಹದಿನಾರನೇ ಗ್ರೆಗೊರಿಯವರು 1839ರಲ್ಲೇ ಖಂಡಿಸಿದ್ದರು. ಸರ್ಕಾರದ ಕೈಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಯಜಮಾನನ ಕೈಯನ್ನು ಕಾಣದೆ ಹೋಯಿತು. ಸ್ವಾತಂತ್ರ್ಯ ಯಾರದು ಎಂದು ಕೇಳದಿದ್ದರೆ ಇಂಥ ತಪ್ಪು ನಮ್ಮಿಂದಲೂ ಆದೀತು.

ಎರಡೂ ಕೈಗಳನ್ನು ಕಂಡವರು ಜಗದ್ಗುರು ಹದಿಮೂರನೇ ಲಿಯೋರವರು. 1891ರ ಮೇ 15ರಂದು ಅವರು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರವು ಕುಟುಂಬವು ಸರ್ಕಾರಕ್ಕಿಂತ ಹಿರಿಯದು, ಮನೆಯೊಳಗೆ ಸರ್ಕಾರ ಮನಬಂದಂತೆ ನುಗ್ಗಬಾರದು, ದುಡಿದು ಗಳಿಸಿದ ಆಸ್ತಿ ಮನುಷ್ಯನ ಹಕ್ಕು ಎಂದು ಹೇಳಿತು. ಅದೇ ಪತ್ರ ಕಾರ್ಖಾನೆಯ ಮಾಲೀಕರಿಗೂ ಎಚ್ಚರಿಕೆ ಕೊಟ್ಟಿತು. ಕೂಲಿ ಎಂಬುದು ಕೇವಲ ಒಪ್ಪಂದದ ಮಾತಲ್ಲ, ದುಡಿಯುವವನು ಮಿತವಾಗಿ ಬಾಳಲು ಅದು ಸಾಲಬೇಕು. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ. ಸಿರಿವಂತನಿಗೆ ತನ್ನದೇ ಆಸರೆಯುಂಟು, ಬಡವನಿಗೆ ಇಲ್ಲ. ಆದ್ದರಿಂದ ಸರ್ಕಾರ ಬಡವನನ್ನು ವಿಶೇಷವಾಗಿ ಕಾಯಬೇಕು.

ನಲವತ್ತು ವರ್ಷಗಳ ನಂತರ, 1931ರಲ್ಲಿ, ಹನ್ನೊಂದನೇ ಪಿಯುಸ್‌ರವರು ಇದಕ್ಕೆ ಒಂದು ಸೂತ್ರ ಕೊಟ್ಟರು. ಮನೆ, ಊರು, ಸಂಘ ತಾವೇ ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು, ಅವರಿಂದಾಗದಿದ್ದಾಗ ಮೇಲಿನವರು ಕೈಕಟ್ಟಿ ಕೂರಲೂಬಾರದು. ಇದನ್ನೇ ಪೂರಕತೆಯ ತತ್ವ ಎನ್ನುತ್ತಾರೆ. ಅದೇ ವರ್ಷ ಮುಸೊಲಿನಿ ಸರ್ಕಾರ ಇಟಲಿಯ ಕಥೋಲಿಕ ಯುವಸಂಘಗಳನ್ನು ಮುಚ್ಚಿಸಿದಾಗ ಜಗದ್ಗುರುಗಳು ಬಹಿರಂಗವಾಗಿ ಪ್ರತಿಭಟಿಸಿದರು.

ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಫಾದರ್ ರಾಬರ್ಟ್ ಸಿರಿಕೊ ಮತ್ತು ಸಂಗಡಿಗರು ಆಕ್ಟನ್‌ರ ಹೆಸರಿನಲ್ಲೇ ಒಂದು ಸಂಸ್ಥೆ ಕಟ್ಟಿದರು. ಮುಕ್ತ ಮಾರುಕಟ್ಟೆ ಮತ್ತು ಮಿತವಾದ ಸರ್ಕಾರ ಕ್ರೈಸ್ತ ವಿಶ್ವಾಸಕ್ಕೆ ಒಪ್ಪುವಂಥವು ಎಂಬುದು ಅವರ ನಿಲುವು. ಮರುವರ್ಷವೇ ಜಗದ್ಗುರು ಎರಡನೇ ಜಾನ್ ಪೌಲ್‌ರವರು 'ಚೆಂತೇಸಿಮುಸ್ ಆನ್ನುಸ್' ಎಂಬ ವಿಶ್ವಪತ್ರ ಹೊರಡಿಸಿದರು. ಕಮ್ಯುನಿಸ್ಟ್ ಆಡಳಿತದಡಿ ಬಾಳಿದ್ದ ಅವರು ಮಾರುಕಟ್ಟೆಯ ಉಪಯೋಗವನ್ನು ಒಪ್ಪಿದರು. ಎಲ್ಲವನ್ನೂ ತಾನೇ ಮಾಡಹೊರಡುವ ಸರ್ಕಾರವನ್ನು ಟೀಕಿಸಿದರು. ಜೊತೆಗೆ, ಮಾರುಕಟ್ಟೆಯನ್ನೇ ವಿಗ್ರಹವಾಗಿಸಬೇಡಿ, ಮಾರಲು ಕೊಳ್ಳಲು ಬಾರದ ಮಾನವ ಅಗತ್ಯಗಳೂ ಇವೆ ಎಂದು ಎಚ್ಚರಿಸಿದರು.

ಪ್ರಿಯರೇ, ಅಧಿಕಾರ ಎಂದರೆ ರಾಜಧಾನಿಯಲ್ಲಿರುವುದು ಮಾತ್ರವೇ? ನಮ್ಮ ಮನೆಗೆಲಸದವರ ಸಂಬಳ ನಮ್ಮ ಕೈಯಲ್ಲಿದೆ. ತೋಟದ ಆಳಿನ ಕೂಲಿ ನಮ್ಮ ಕೈಯಲ್ಲಿದೆ. ಧರ್ಮಕೇಂದ್ರದ ಸಂಘದ ಲೆಕ್ಕಪತ್ರ, ಮನೆಯಲ್ಲಿ ಮಕ್ಕಳ ಮೇಲಿನ ಮಾತು, ಇವೂ ಅಧಿಕಾರವೇ. ಸರ್ಕಾರ ನಮ್ಮ ಹಕ್ಕನ್ನು ಮುಟ್ಟಿದಾಗ ಧ್ವನಿ ಎತ್ತೋಣ, ಅದು ಸರಿ. ಆದರೆ ನಮ್ಮ ಕೈಕೆಳಗಿನವರು ನಮ್ಮ ಎದುರು ಧ್ವನಿ ಎತ್ತಬಲ್ಲರೇ ಎಂದೂ ಕೇಳಿಕೊಳ್ಳೋಣ. ಪಕ್ಕದ ಮನೆಯ ಹಸಿವನ್ನು ಸರ್ಕಾರ ನೋಡಿಕೊಳ್ಳಲಿ ಎಂದು ತಳ್ಳಿಬಿಡದೆ, ನಮ್ಮಿಂದಾದಷ್ಟನ್ನು ನಾವೇ ಮೊದಲು ಮಾಡೋಣ.

ನಮ್ಮ ಅರಸರು ಮುಳ್ಳಿನ ಕಿರೀಟ ತೊಟ್ಟವರು, ಶಿಷ್ಯರ ಪಾದ ತೊಳೆದವರು. ಅವರ ಮುಂದೆ ಮಂಡಿಯೂರುವ ನಾವು, ನಮಗೆ ಕೊಟ್ಟಿರುವ ಅಧಿಕಾರವನ್ನೂ ಅವರಂತೆಯೇ ಬಳಸುವ ಕೃಪೆಯನ್ನು ಈ ಹಬ್ಬದಂದು ಬೇಡಿಕೊಳ್ಳೋಣ.